ನಾಲ್ಕು ಗಂಟೆಯ ಚಹಾ, ಪಡುವಣದ ಗಡಿ

ಮಧ್ಯಾಹ್ನದ ಚಹಾ ಎಂಬ ಉಪಚಾರವೂ ವಿಹಾರದ ಹಡಗು ಎಂಬ ಉದ್ಯಮವೂ ಹೆಚ್ಚುಕಡಮೆ ಒಂದೇ ದಶಕದ ಕೂಸುಗಳು. ಇಂಗ್ಲೆಂಡಿನ ಬೆಡ್‌ಫರ್ಡ್ ಮನೆತನದ ಡಚೆಸ್ ಆನಾ ಎಂಬಾಕೆ 1840ರ ಸುಮಾರಿಗೆ ಹಗಲೂಟಕ್ಕೂ ರಾತ್ರಿಯೂಟಕ್ಕೂ ನಡುವಿನ ಹಸಿವನ್ನು ತಾಳಲಾರದೆ ನಾಲ್ಕೈದು ಗಂಟೆಯ ಹೊತ್ತಿಗೆ ಚಹಾ, ರೊಟ್ಟಿ, ಬೆಣ್ಣೆ ತರಿಸಿಕೊಳ್ಳತೊಡಗಿದಳು ಎಂದು ಹೇಳುವ ವಾಡಿಕೆಯಿದೆ. 1844ರಲ್ಲಿ ಪಿ ಅಂಡ್ ಒ ಕಂಪನಿಯು ಮೆಡಿಟರೇನಿಯನ್ ಕಡಲಿನಲ್ಲಿ ಸುಮ್ಮನೆ ಸುತ್ತಿ ಬರುವ ಪ್ರಯಾಣಗಳನ್ನು ಜಾಹೀರು ಮಾಡಿತು.  ಹೋಗುವುದೇ ಹೋಗುವುದರ ಉದ್ದೇಶ. ಇವೆರಡೂ ಕೂಡಿ ಬಂದು, ಇಂದು ಹಲವು ವಿಹಾರದ ಹಡಗುಗಳಲ್ಲಿ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ‘4ರಿಂದ 5: ಚಹಾ’ ಎಂಬಂಥ ಸಾಲು ಇರುತ್ತದೆ.

ಡಚೆಸ್ಸಿನ ಹಸಿವಿಗೆ ಕಾರಣವೇನು ಎಂಬುದನ್ನು ಚಹಾದ ಇತಿಹಾಸ ಬರೆದವರು ವಿವರಿಸಿದ್ದಾರೆ. ಆ ಕಾಲಕ್ಕೆ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ರಾತ್ರಿಯ ಊಟ ಏಳೆಂಟು ಗಂಟೆಗೆ, ಕೆಲವೆಡೆ ಇನ್ನೂ ತಡವಾಗಿ ಜರುಗತೊಡಗಿತ್ತು. ಒಳ್ಳೆಯ ದೀಪಗಳು ಬಂದಿದ್ದವು. ಕತ್ತಲು ಊಟಕ್ಕೆ ಅಡ್ಡಿಯಾಗಿ ಉಳಿದಿರಲಿಲ್ಲ. ಊಟ ಕತ್ತಲಿನೊಳಕ್ಕೆ ಸರಿದಷ್ಟೂ ಮಧ್ಯಾಹ್ನದ ಕೊನೆಯಲ್ಲಿ ಒಂದು ಬರಿದು ಜಾಗ ಉಂಟಾಯಿತು. ಅದನ್ನು ಚಹಾ ತುಂಬಿತು. ಆದ್ದರಿಂದ ಈ ಚಹಾ ಹಸಿವಿನಿಂದ ಹುಟ್ಟಿತು ಎನ್ನುವುದಕ್ಕಿಂತ ದೀಪದಿಂದ ಹುಟ್ಟಿತು ಎನ್ನುವುದೇ ಸರಿ.

ಶ್ರಾವಕಾಚಾರಗಳನ್ನು ಓದಿದವರಿಗೆ ಇಲ್ಲಿ ಕೂಡಲೇ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ನೆನಪಾಗಬೇಕು. ರಾತ್ರಿಭೋಜನವನ್ನು ನಿಷೇಧಿಸುವಾಗ ಅವರು ದೀಪದ ಪ್ರಶ್ನೆಯನ್ನು ತಾವಾಗಿಯೇ ಎತ್ತಿಕೊಳ್ಳುತ್ತಾರೆ. ದೀಪ ಬೆಳಗಿಸಿಕೊಂಡು ಉಂಡರೆ ಆಗದೇ ಎಂದು ಯಾರಾದರೂ ಕೇಳಬಹುದು. ಆದರೆ ಸೂರ್ಯನ ಬೆಳಕಿಲ್ಲದಾಗ, ಆಹಾರವನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳ ಹಿಂಸೆಯನ್ನು ದೀಪವಿದ್ದರೂ ತಪ್ಪಿಸುವುದು ಹೇಗೆ ಎಂಬುದು ಅವರ ಮರುಪ್ರಶ್ನೆ. ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮ ಆಚಾರ್ಯರು ದೀಪವನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿದ್ದರು. ಹಾಗಾಗಿ ನಾಲ್ಕು ಗಂಟೆಯ ಚಹಾದ ಮೇಜಿನ ಎದುರು ಕುಳಿತ ಜೈನನಿಗೂ ಉಳಿದವರಿಗೂ ನಡುವೆ ಕಾಣದ ಒಂದು ವ್ಯತ್ಯಾಸವಿರುತ್ತದೆ. ಉಳಿದವರಿಗೆ ಅದು ಎರಡು ಊಟಗಳ ನಡುವಿನ ತಂಗುದಾಣ. ವ್ರತಿಗೆ ಅದು ಆ ದಿನದ ಕೊನೆಯ ಅನ್ನದ ಹೊಸ್ತಿಲು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಬಾಯಿ ತೊಳೆಯುವವರ ಪಾಲಿಗೆ ಡಿಸೆಂಬರ್ ತಿಂಗಳಿನಲ್ಲಿ ಐದು ಗಂಟೆಯೆಂದರೆ ತಡವೇ.

ಈ ವಿಷಯವನ್ನು ನಾನು ಗ್ರಂಥದಿಂದ ಎತ್ತಿಕೊಂಡದ್ದಲ್ಲ. ಮನೆಯಲ್ಲಿ ಎದ್ದ ಒಂದು ಚರ್ಚೆಯಿಂದ. ಮುಂಬಯಿಯಲ್ಲಿ ನೌಕರಿ ಮಾಡುವ ನನ್ನ ತಮ್ಮನಿಗೆ, ಎಂದರೆ ದೊಡ್ಡಮ್ಮನ ಮಗನಿಗೆ, ತಾಯಿಯನ್ನು ಒಮ್ಮೆ ಹಡಗಿನಲ್ಲಿ ಕೂರಿಸಬೇಕೆಂಬ ಆಸೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಭಟ್ಕಳ ತಾಲೂಕಿನ ಒಳನಾಡಿನ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಕಡಲು ಅಲ್ಲಿಂದ ಕಾಣುವುದಿಲ್ಲ. ಮುಂಬಯಿಯಿಂದ ಹೊರಟು ಎರಡು ರಾತ್ರಿ ನೀರಿನ ಮೇಲಿದ್ದು ಮತ್ತೆ ಮುಂಬಯಿಗೇ ಮರಳುವ ಹಡಗು. ಜೈನ ಊಟವಿದೆ, ಬೇಗ ಬಡಿಸುತ್ತಾರೆ, ನೀರನ್ನು ಕೇಳಿದರೆ ಕಾಯಿಸಿ ಕೊಡುತ್ತಾರೆ ಎಂದೆಲ್ಲ ಅವನು ಮೊದಲೇ ವಿಚಾರಿಸಿಕೊಂಡಿದ್ದ. ನಾಲ್ಕು ಗಂಟೆಗೆ ಮೇಲಿನ ಅಂತಸ್ತಿನಲ್ಲಿ ಕಡಲಿಗೆ ಮುಖಮಾಡಿ ಕುಳಿತ ತಾಯಿಯ ಕೈಗೆ ತಾನೇ ಚಹಾದ ಬಟ್ಟಲು ತಂದುಕೊಡಬೇಕು. ಅಷ್ಟೇ ಅವನ ಚಿತ್ರ. ಬಾಲ್ಯದಲ್ಲಿ ಶಾಲೆಯಿಂದ ಬಂದ ನಮ್ಮಿಬ್ಬರಿಗೂ ಆ ಹೊತ್ತಿಗೆ ಬಟ್ಟಲು ಹಿಡಿಸುತ್ತಿದ್ದವರು ಅವರೇ.

ಕುಮಟಾ, ಹೊನ್ನಾವರ, ಭಟ್ಕಳಗಳ ಮನೆಗಳಲ್ಲಿ ಬಂದವರನ್ನು ‘ಆಸರಿಗೆ ಏನು ಬೇಕು?’ ಎಂದು ಕೇಳುವ ರೂಢಿ ಈಗಲೂ ಇದೆ. ‘ಆಸಱ್’ ಎಂದರೆ ಹಳಗನ್ನಡದಲ್ಲಿ ದಣಿವು. ಪೇಯದ ಹೆಸರಿಗಿಂತ ದಣಿವಿನ ಹೆಸರು ಮುಂದೆ ನಿಂತ ಈ ಮಾತು ನನಗೆ ಬಹಳ ಪ್ರಿಯ. ಬಂದವನ ಅಂತಸ್ತನ್ನು ಅದು ಕೇಳುವುದಿಲ್ಲ, ದಣಿವನ್ನಷ್ಟೇ ಕೇಳುತ್ತದೆ. ಉತ್ತರವಾಗಿ ಮಜ್ಜಿಗೆಯೋ ಬೆಲ್ಲ ನೀರೋ ಕಷಾಯವೋ ಬರುತ್ತಿತ್ತು. ಚಹಾ ಈ ಸಾಲಿಗೆ ಸೇರಿದ್ದು ಇತ್ತೀಚೆಗೆ, ಕಳೆದ ಶತಮಾನದಲ್ಲಿ. ದೊಡ್ಡಮ್ಮನ ಚಹಾಕ್ಕೆ ಹಸಿಶುಂಠಿ ಬೀಳುವುದಿಲ್ಲ, ಅದು ಕಂದಮೂಲ. ಒಣಶುಂಠಿಗೆ ಅಡ್ಡಿಯಿಲ್ಲ, ಏಲಕ್ಕಿಯಂತೂ ಹಿತ್ತಿಲಿನದೇ.

ತಮ್ಮನ ಯೋಜನೆಗೆ ಅಡ್ಡ ಬಂದದ್ದು ಊಟವೂ ಅಲ್ಲ, ವಯಸ್ಸೂ ಅಲ್ಲ. 2006ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ ದೊಡ್ಡಮ್ಮ ಮುನಿಗಳ ಸಮ್ಮುಖದಲ್ಲಿ ದಿಗ್ವ್ರತ ಸ್ವೀಕರಿಸಿದ್ದರು. ಬಡಗಣಕ್ಕೆ ಸಮ್ಮೇದಶಿಖರ, ತೆಂಕಣಕ್ಕೆ ಕನ್ಯಾಕುಮಾರಿ, ಮೂಡಣಕ್ಕೆ ಪಾವಾಪುರಿ, ಪಡುವಣಕ್ಕೆ ಕಡಲ ದಂಡೆ. ಮೂರು ದಿಕ್ಕುಗಳ ಗಡಿ ದೂರದಲ್ಲಿ, ಕಂಡೂ ಕಾಣದ ಹಾಗೆ ಇತ್ತು. ನಾಲ್ಕನೆಯದು ಮಾತ್ರ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ.

ದಿಗ್ವ್ರತ ಗುಣವ್ರತಗಳಲ್ಲಿ ಮೊದಲನೆಯದು. ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರರು, ಎಲ್ಲರಿಗೂ ಗೊತ್ತಿರುವ ಗುರುತುಗಳನ್ನೇ ಈ ವ್ರತದ ಗಡಿಯಾಗಿ ಇಟ್ಟುಕೊಳ್ಳಬೇಕೆಂದು ಹೇಳಿ ಅಂಥವುಗಳನ್ನು ಪಟ್ಟಿ ಮಾಡುತ್ತಾರೆ: ಕಡಲು, ಹೊಳೆ, ಕಾಡು, ಬೆಟ್ಟ, ನಾಡು, ಯೋಜನಗಳ ಅಳತೆ. ಪಟ್ಟಿಯ ಮೊದಲ ಹೆಸರೇ ಕಡಲು. ಕರಾವಳಿಯ ಶ್ರಾವಕಿ ಅದನ್ನೇ ಆರಿಸಿಕೊಂಡದ್ದು ಸಹಜ.

ತಮ್ಮ ಸುಮ್ಮನಾಗುವವನಲ್ಲ. ಅವನ ವಾದಗಳನ್ನು ನಾನು ಲಘುವಾಗಿ ಕಾಣಲಾರೆ. ಅವುಗಳ ಹಿಂದೆ ಇದ್ದದ್ದು ಪ್ರೀತಿ. ಮೊದಲನೆಯದು: ಹಡಗು ಎಲ್ಲಿಗೂ ತಲುಪುವುದಿಲ್ಲ, ಹೊರಟ ಕಟ್ಟೆಗೇ ಮರಳುತ್ತದೆ, ತಲುಪದ ಪ್ರಯಾಣ ಗಡಿ ದಾಟಿದಂತೆ ಹೇಗಾದೀತು? ಎರಡನೆಯದು: ವ್ರತದ ಉದ್ದೇಶ ವ್ಯಾಪಾರ, ಲೋಭ, ಹಿಂಸೆಗಳ ಕ್ಷೇತ್ರವನ್ನು ಕಿರಿದುಗೊಳಿಸುವುದು, ಚಹಾ ಕುಡಿಯುವ ಮುದುಕಿಯಿಂದ ಕಡಲಿಗೆ ಏನು ಹಾನಿ? ಮೂರನೆಯದು ನ್ಯಾಯವಾದಿಯ ಜಾಣ್ಮೆಯದು: ‘ಅಣ್ಣಾ, ಮೂಡಣದ ಗಡಿಯನ್ನು ನೂರು ಮೈಲಿ ಹಿಂದಕ್ಕೆ ಎಳೆದು ಪಡುವಣಕ್ಕೆ ಅಷ್ಟನ್ನೇ ಸೇರಿಸಿದರೆ ಲೆಕ್ಕ ಸರಿಯಾಗುತ್ತದಲ್ಲ? ಅಮ್ಮ ಇನ್ನು ಪಾವಾಪುರಿಗೆ ಹೋಗುವುದುಂಟೇ?’

ಈ ಮೂರನೆಯ ಮಾತು ಕೇಳಿ ನನಗೆ ನಗು ಬಂತು. ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಮೇಲೆ, ಕೆಳಗೆ, ಅಡ್ಡಕ್ಕೆ ಗಡಿ ಮೀರುವುದನ್ನು ಹೇಳಿ ನಾಲ್ಕನೆಯದಾಗಿ ‘ಕ್ಷೇತ್ರವೃದ್ಧಿ’ಯನ್ನು ಇಟ್ಟಿದ್ದಾರೆ. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿ ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವ ಲೆಕ್ಕವನ್ನು ಟೀಕಾಕಾರರು ಅದರ ಅಡಿಯಲ್ಲೇ ಹಿಡಿದುಹಾಕುತ್ತಾರೆ. ಐದನೆಯದು ‘ಸ್ಮೃತ್ಯಂತರಾಧಾನ’, ಇಟ್ಟುಕೊಂಡ ಗಡಿಯನ್ನೇ ಮರೆಯುವುದು. ಶ್ರಾವಕರ ಮನೆಗಳಲ್ಲಿ ಹುಟ್ಟುವ ಜಾಣತನವನ್ನು ಆಚಾರ್ಯರು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದರು! ಕೇಳಿದ ತಮ್ಮನೂ ನಕ್ಕ. ಆದರೆ ಆ ನಗುವಿನಲ್ಲಿ ಸೋತವನ ಕಹಿಯೂ ಇತ್ತು.

ಈ ನಾಡಿನ ಜೈನರು ಕಡಲಿಗೆ ಬೆನ್ನು ಹಾಕಿ ಕುಳಿತವರೇ ಎಂದರೆ ಅಲ್ಲ. ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳಗಳ ಜೈನ ಅರಸು ಮನೆತನಗಳ ಸಿರಿ ಬಂದದ್ದೇ ಕಡಲಿನಿಂದ. ಘಟ್ಟದ ಮೆಣಸು ಶರಾವತಿಯಲ್ಲಿ ಇಳಿದು ಹೊನ್ನಾವರದ ಅಳಿವೆ ದಾಟಿ ಹೋಗುತ್ತಿತ್ತು. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಗೇರುಸೊಪ್ಪೆಯ ಚತುರ್ಮುಖ ಬಸದಿಯೂ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯೂ ಆ ಸಿರಿಯ ಕಾಲದ ಕಲ್ಲುಗಳು. 1623ರಲ್ಲಿ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಈ ಹೊಳೆಯನ್ನೇರಿದ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ, ತಾನು ಕಂಡ ಅತ್ಯಂತ ಚೆಲುವಿನ ಹೊಳೆಗಳಲ್ಲಿ ಇದೊಂದು ಎಂಬರ್ಥದಲ್ಲಿ ಮೆಚ್ಚಿಕೊಂಡಿದ್ದಾನೆ. ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಮರಗಳು ಬೆಳೆದು ಮುಚ್ಚಿದ ಅರಮನೆ. ಸಂಪತ್ತಿಗಾಗಿ ಅಲ್ಲದೆ ನೋಡುವುದಕ್ಕಾಗಿಯೇ ಈ ನೀರಿನ ಮೇಲೆ ಬಂದವರಲ್ಲಿ ಅವನು ಮೊದಲಿಗರ ಸಾಲಿನವನು. ನಮ್ಮ ವಿಹಾರಿಗಳ ಹಿರಿಯನೆಂದರೂ ಸಲ್ಲುತ್ತದೆ.

ಕಾವ್ಯದಲ್ಲಿಯೂ ಕಡಲಿಗೆ ಕೊರತೆಯಿಲ್ಲ. ಶ್ರೀಪಾಲನನ್ನು ವರ್ತಕ ಧವಳ ಹಡಗಿನಿಂದ ನೀರಿಗೆ ತಳ್ಳುವ ಪ್ರಸಂಗವಿಲ್ಲದೆ ಆ ಕಥೆಯೇ ಇಲ್ಲ. ಅದನ್ನು ಕನ್ನಡಿಸಿದ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದವನು. ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವೂ ಅವನದೇ. ಹಡಗಿನ ಕಥೆಯನ್ನೂ ಪಾಕದ ಕ್ರಮವನ್ನೂ ಒಂದೇ ಲೇಖನಿಯಲ್ಲಿ ಬರೆದ ಕವಿ ನಮ್ಮಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ವಿದ್ಯಾರ್ಥಿಗಳು ಹುಡುಕಬೇಕು. ಆದರೆ ಜೈನ ಕಥೆಗಳಲ್ಲಿ ಹಡಗು ಹತ್ತುವವರಿಗೆಲ್ಲ ಒಂದು ಕಾರಣವಿರುತ್ತದೆ. ‘ಹರಿವಂಶ’ದ ಚಾರುದತ್ತ ಕಳೆದುಕೊಂಡ ಹಣಕ್ಕಾಗಿ ಹೋದ; ಶ್ರೀಪಾಲ ಸ್ವಂತ ಭುಜಬಲದ ಭಾಗ್ಯಕ್ಕಾಗಿ ಹೋದ. ಸುಮ್ಮನೆ ಹೋಗಿ ಸುಮ್ಮನೆ ಬಂದವನನ್ನು ನಾನು ಕಂಡಿಲ್ಲ.

ಕಾರಣವಿದ್ದು ಹೋದವರು ನಮ್ಮ ಮನೆಯಲ್ಲಿಯೂ ಇದ್ದರು. ಘಟ್ಟದ ಮೇಲಿನ ಹತ್ತಿ ಕುಮಟೆಗೆ ಇಳಿದು ಮುಂಬಯಿಗೆ ಹೋಗುತ್ತಿದ್ದ ಕಾಲದಿಂದಲೂ ಈ ದಂಡೆಯ ಜನಕ್ಕೆ ಮುಂಬಯಿಯ ದಾರಿಯೆಂದರೆ ನೀರಿನದೇ. ಉಗಿಹಡಗನ್ನು ಜನ ‘ಆಗಬೋಟು’ ಎನ್ನುತ್ತಿದ್ದರು. ಅದು ದಂಡೆಗೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಂತದ್ದಕ್ಕೆ ಮಚವೆಗಳಲ್ಲಿ ಹೋಗಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ದೊಡ್ಡಮ್ಮನ ತಂದೆ, ಎಂದರೆ ನನ್ನ ಅಜ್ಜ, ಅಡಿಕೆಯ ಹಣ ವಸೂಲಿಗೆ ಹೊನ್ನಾವರದಿಂದ ಹಾಗೆ ಹೋದವರು. ಹುರಿದ ಅವಲಕ್ಕಿ, ಬೆಲ್ಲ, ಸೋಸಿ ಕಾಯಿಸಿದ ನೀರಿನ ತಂಬಿಗೆ, ಸೋಸುವ ಬಟ್ಟೆ. ಡೆಕ್ಕಿನ ಮೇಲೆ ಹೊತ್ತು ನೋಡಿಕೊಂಡು ನಾಲ್ಕೂವರೆಗೆ ಬುತ್ತಿ ಬಿಚ್ಚುತ್ತಿದ್ದರಂತೆ. ಈ ಕಥೆಯನ್ನು ದೊಡ್ಡಮ್ಮ ಎಷ್ಟು ಸಲ ಹೇಳಿದ್ದಾರೆಂದರೆ, ಮಗನ ಆಸೆಗೆ ಮೂಲ ಅಲ್ಲಿಯೇ ಇದೆ ಎಂದು ನನ್ನ ಊಹೆ.

ಕಾಯಿಸಿದ ನೀರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. 14ನೆಯ ಶತಮಾನದ ನಡುವಿನಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ ಇಬ್ನ್ ಬತೂತ ಅಲ್ಲಿನ ಊಟದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ: ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಆಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಕೇಡು ಎಂದು. ಹೊನ್ನಾವರದ ಬಿಸಿನೀರಿನ ಈ ಬಟ್ಟಲು ಚಹಾಕ್ಕಿಂತ ಎಷ್ಟೋ ಶತಮಾನ ಹಿರಿಯದು. ಆರೋಗ್ಯಕ್ಕೆಂದು ಕುಡಿದವರೂ ಅಹಿಂಸೆಗೆಂದು ಕುಡಿದವರೂ ಒಂದೇ ದಂಡೆಯಲ್ಲಿದ್ದರು.

ದೊಡ್ಡಮ್ಮ ಬರಲಿಲ್ಲ, ಡಿಸೆಂಬರಿನಲ್ಲಿ ನಾನು ತಮ್ಮನ ಸಂಸಾರದೊಡನೆ ಹೋದೆ. ಎರಡನೆಯ ದಿನ ನಾಲ್ಕು ಗಂಟೆಗೆ ಮೇಲಿನ ಭೋಜನಶಾಲೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಕಡೆ ಸಣ್ಣ ಸಣ್ಣ ಕೇಕುಗಳು, ಮುಕ್ಕೋನಾಗಿ ಕತ್ತರಿಸಿದ ಸೌತೆಕಾಯಿಯ ಸ್ಯಾಂಡ್‌ವಿಚ್ಚು, ಬಿಸ್ಕತ್ತು. ಇನ್ನೊಂದು ಕಡೆ ಸಮೋಸ, ಬಟಾಟೆವಡೆ, ದೊಡ್ಡ ಪಾತ್ರೆಯಲ್ಲಿ ಶುಂಠಿಯ ಮಸಾಲೆ ಚಹಾ. ಇಂಗ್ಲಿಷ್ ಚಹಾವನ್ನು ಮುಂಬಯಿಯ ಚಹಾ ನಯವಾಗಿ ಪಕ್ಕಕ್ಕೆ ಸರಿಸಿತ್ತು. ಕೇಕುಗಳ ಕಡೆ ಮಕ್ಕಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೂರನೆಯ ಮೂಲೆಯಲ್ಲಿ ‘ಜೈನ’ ಎಂಬ ಚೀಟಿ ಅಂಟಿಸಿದ ಪುಟ್ಟ ಮೇಜು: ಖಾಖ್ರಾ, ಬಟಾಟೆಯ ಬದಲು ಬಾಳೆಕಾಯಿಯ ವಡೆ, ಶುಂಠಿಯಿಲ್ಲದ ಚಹಾ.

ಆ ಮೇಜಿನ ಸುತ್ತ ಹತ್ತು ಹನ್ನೆರಡು ಮಂದಿ ಹಿರಿಯರು ಕುಳಿತಿದ್ದರು. ಬಹುಪಾಲು ಗುಜರಾತಿನ ಕಡೆಯವರು. ಉಳಿದ ಮೇಜುಗಳಲ್ಲಿ ಹರಟೆ, ಛಾಯಾಚಿತ್ರ, ಅರ್ಧ ತಿಂದು ಬಿಟ್ಟ ತಟ್ಟೆ. ಇಲ್ಲಿ ಮಾತಿಲ್ಲ. ತಟ್ಟೆಯನ್ನು ಪೂರ್ತಿ ಮುಗಿಸಿ, ಬಟ್ಟಲಿಗೆ ಸ್ವಲ್ಪ ನೀರು ಹಾಕಿ ತೊಳೆದು ಅದನ್ನೇ ಕುಡಿದ ಒಬ್ಬ ಅಜ್ಜಿಯನ್ನು ನೋಡಿದೆ. ಬಡಿಸುವ ಹುಡುಗ, ‘ಇನ್ನು ಸ್ವಲ್ಪ ಹೊತ್ತಿಗೆ ಜೈನ ಊಟ ಬರುತ್ತದೆ’ ಎಂದರೆ ಅವರ ಯಜಮಾನರು ಕೈಗಡಿಯಾರ ತೋರಿಸಿ ತಲೆಯಾಡಿಸಿದರು. ಊಟ ಬಂದದ್ದು ಐದೂವರೆಗೆ. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು. ಹಡಗಿನ ಲೆಕ್ಕದಲ್ಲಿ ಅದು ಹೊತ್ತಿಗೆ ಮುಂಚೆ, ಅವರ ಲೆಕ್ಕದಲ್ಲಿ ಹೊತ್ತು ಮೀರಿ. ಅವರು ಊಟಕ್ಕೆ ಏಳಲಿಲ್ಲ. ಡಚೆಸ್ಸಿನ ತಿಂಡಿಯೇ ಅವರಿಗೆ ಆ ದಿನದ ಊಟವಾಗಿತ್ತು.

ಗಡಿಯ ಪ್ರಶ್ನೆಗಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಅಲ್ಲಿ ಕುಳಿತಾಗ ನನ್ನನ್ನು ಕಾಡಿತು. ಅದೇ ‘ರತ್ನಕರಂಡಕ’ದಲ್ಲಿ ದಿಗ್ವ್ರತದ ಬೆನ್ನಿಗೇ ಅನರ್ಥದಂಡ ವಿರತಿ ಬರುತ್ತದೆ, ಪ್ರಯೋಜನವಿಲ್ಲದ ಪಾಪಗಳಿಂದ ದೂರವಿರುವುದು. ಅದರಲ್ಲಿ ‘ಪ್ರಮಾದಚರ್ಯೆ’ ಎಂಬುದೊಂದು. ನೆಲ, ನೀರು, ಬೆಂಕಿ, ಗಾಳಿಗಳನ್ನು ವೃಥಾ ಕೆದಕುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಯಿಸುವುದು. ಎರಡು ರಾತ್ರಿ ಎಣ್ಣೆ ಉರಿಸಿ ಹೊರಟ ಕಟ್ಟೆಗೇ ಮರಳುವ ಹಡಗಿಗೆ ಇದಕ್ಕಿಂತ ನಿಖರವಾದ ವರ್ಣನೆ ನನಗೆ ಸಿಕ್ಕಿಲ್ಲ. ಆದರೆ ಒಬ್ಬ ಮಗ ತಾಯಿಗೆ ಒಂದು ಬಟ್ಟಲು ಚಹಾ ಕೊಡಬೇಕೆಂದು ಹಂಬಲಿಸುವುದು ಪ್ರಯೋಜನವಲ್ಲವೇ? ಪ್ರಯೋಜನವನ್ನು ಆಚಾರ್ಯರು ಅಷ್ಟು ಬಡವಾಗಿ ಅರ್ಥಮಾಡಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆ ಪ್ರಯೋಜನಕ್ಕೆ ಅಷ್ಟು ದೊಡ್ಡ ಹಡಗು ಬೇಕೇ ಎಂಬುದು ಬೇರೆ ಮಾತು.

ಊರಿಗೆ ಬಂದು ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಬಾಳೆಕಾಯಿಯ ವಡೆಗೆ ಅವರು ತಲೆದೂಗಿದರು. ಬಟ್ಟಲು ತೊಳೆದು ಕುಡಿದ ಅಜ್ಜಿಯ ಬಗೆಗೆ ಎರಡು ಸಲ ಕೇಳಿದರು. ಕೊನೆಗೆ, ‘ತಮಾ, ಅವನಿಗೆ ಬೇಜಾರಾಯ್ತಾ?’ ಎಂದರು. ಆಗಿದೆ ಎಂದೆ. ಅವರಿಗೆ ಸಮಂತಭದ್ರರ ಒಂದು ಮಾತನ್ನು ಓದಿ ಹೇಳಿದೆ. ತಮ್ಮನಿಗೂ ಅದನ್ನೇ ಬರೆದು ಕಳುಹಿಸಿದ್ದೆ. ಗಡಿಯ ಆಚೆಗೆ ಸೂಕ್ಷ್ಮವಾದ ಪಾಪವನ್ನೂ ಬಿಟ್ಟಿರುವುದರಿಂದ, ಆ ಆಚೆಯ ಪ್ರದೇಶದ ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮಹಾವ್ರತಗಳಾಗಿ ಪರಿಣಮಿಸುತ್ತವೆ ಎಂದು ಅವರ ಅಭಿಪ್ರಾಯ. ಮನೆಯಲ್ಲಿ ಒಲೆ ಹಚ್ಚುವ, ಅಂಗಳ ಗುಡಿಸುವ, ಅಡಿಕೆಯ ಲೆಕ್ಕ ನೋಡುವ ದೊಡ್ಡಮ್ಮ ಕಡಲಿನ ಪಾಲಿಗೆ ಆರ್ಯಿಕೆಯರಿಗೆ ಸಮ. ಹದಿನೇಳು ಹದಿನೆಂಟು ವರ್ಷಗಳಿಂದ ಅಷ್ಟು ನೀರಿನ ಯಾವ ಜೀವಕ್ಕೂ ಅವರಿಂದ ಭಯವಿಲ್ಲ. ಅವರು ಇದನ್ನು ಕೇಳಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಹೊಳೆಗೆ ಅಡ್ಡಿಲ್ಲ, ಅಲ್ವಾ?’ ಎಂದು ಕೇಳಿದರು.

ಹೊಳೆ ಗಡಿಯ ಒಳಗಿನದು. ಜನವರಿಯಲ್ಲಿ ಒಂದು ದಿನ ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಶರಾವತಿಯ ಹಿನ್ನೀರಿನಲ್ಲಿ ಪ್ರವಾಸಿಗಳನ್ನು ಒಂದು ಗಂಟೆ ಸುತ್ತಿಸುವ ದೋಣಿಗಳು ಈಗ ಹಲವು ಇವೆ. ಕೊಂಕಣ ರೈಲ್ವೆಯ ಎರಡು ಕಿಲೋಮೀಟರು ಉದ್ದದ ಸೇತುವೆ, ಕಾಂಡ್ಲಾ ಗಿಡಗಳ ಓಣಿಗಳು, ಕುದುರುಗಳ ಮೇಲಿನ ತೆಂಗಿನ ತೋಟಗಳು. ದೋಣಿಯವನು ಎಲ್ಲರನ್ನೂ ಒಯ್ಯುವ ಹಾಗೆ ಅಳಿವೆಯ ಕಡೆ ಮುಖ ತಿರುಗಿಸಿದ. ಅಲ್ಲಿಂದ ಕಡಲು ಕಾಣುತ್ತದೆ ಎಂದ. ಹೊಳೆ ಎಲ್ಲಿ ಮುಗಿದು ಕಡಲು ಎಲ್ಲಿ ಮೊದಲಾಗುತ್ತದೆ ಎಂದು ದೊಡ್ಡಮ್ಮ ಅವನನ್ನು ಕೇಳಿದರು. ಭರತಕ್ಕೊಂದು ಕಡೆ, ಇಳಿತಕ್ಕೊಂದು ಕಡೆ ಎಂದು ಅವನು ನಕ್ಕ. ಹಾಗಾದರೆ ಮೇಲಕ್ಕೇ ಹೋಗು ಎಂದರು. ದೋಣಿ ಗೇರುಸೊಪ್ಪೆಯ ದಿಕ್ಕಿಗೆ ತಿರುಗಿತು.

ನಾಲ್ಕು ಗಂಟೆಗೆ ಕಾಂಡ್ಲಾದ ನೆರಳಿನಲ್ಲಿ ದೋಣಿ ನಿಲ್ಲಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು, ಏಲಕ್ಕಿ, ಒಣಶುಂಠಿ. ದೋಣಿಯವನಿಗೂ ಒಂದು ಬಟ್ಟಲು. ಬುತ್ತಿಯಲ್ಲಿ ಹುರಿದ ಅವಲಕ್ಕಿ, ಬೆಲ್ಲ, ಬಾಳೆಹಣ್ಣಿನ ಬನ್ಸು. ಮನೆ ಸೇರುವ ಹೊತ್ತಿಗೆ ಕತ್ತಲಾಗುತ್ತದೆಂದು ಅವರು ಅಲ್ಲಿಯೇ ಆ ದಿನದ ಊಟ ಮುಗಿಸಿದರು. ಮುಗಿಯುವ ಮೊದಲು ಮುಂಬಯಿಗೆ ಫೋನು ಮಾಡಿಸಿ, ‘ಚಾ ಕುಡೀತಾ ಇದ್ದೇನೆ, ನೀರಿನ ಮೇಲೇ’ ಎಂದರು. ಅಷ್ಟರಲ್ಲಿ ಇನ್ನೊಂದು ಪ್ರವಾಸಿ ದೋಣಿ ಮೋಟಾರಿನ ಸದ್ದು ಮಾಡುತ್ತ ಪಕ್ಕದಲ್ಲಿ ಹಾದುಹೋಯಿತು. ತಮ್ಮ ಏನೆಂದನೋ ನನಗೆ ಕೇಳಿಸಲಿಲ್ಲ. ದೊಡ್ಡಮ್ಮ ಬಹಳ ಹೊತ್ತು ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದರು.